ನಿಮ್ಮ ಕಥೆಯಲ್ಲಿ ಸೋದರಮಾವ ಎಲ್ಲಿ?

ನಮಸ್ಕಾರ.

ದಕ್ಷಿಣ ಜರ್ಮನಿಯ ಹಾಯ್ನೆಬುರ್ಗ್ ಕೋಟೆಯ, ಯುರೋಪಿನ ಪ್ರಾಚೀನ ಕೆಲ್ಟ್ ಜನರ ರಾಜಕುಮಾರಿಯನ್ನು ಕುರಿತ ನಿಮ್ಮ ನೀಳ್ಗತೆ ಓದಿದೆವು. ಈಗಿರುವಂತೆ ಪ್ರಕಟಿಸಲಾಗದು. ಆದರೆ ಕೈಬಿಡುವ ಕಥೆಯೂ ಅಲ್ಲ, ತಿದ್ದಿ ಕಳಿಸಿ.

ಕ್ರಿ.ಪೂ. 583 ಎಂದು ಕಾಲ ಹಾಕಿದ್ದೀರಿ, ಸರಿ. ಆಕೆಯ ಸಮಾಧಿಗೆ ಹಾಸಿದ್ದ ಮರದಲ್ಲಿ ವರ್ಷಕ್ಕೊಂದರಂತೆ ಮೂಡಿದ ಉಂಗುರಗಳಿಂದ ಸಿಕ್ಕ ವರ್ಷ ಅದು. ಮರುಪುಟದಲ್ಲೇ ಆಕೆ ಓಲೆ ಬರೆಯುತ್ತಾಳೆ, ರಿಕಾಪಿಗೆ ಕಾಲಿಟ್ಟು ಕುದುರೆ ಏರುತ್ತಾಳೆ, ಆಲೂಗಡ್ಡೆ ತಿನ್ನುತ್ತಾಳೆ. ಅಲ್ಲಿ ಆಗ ಬರಹವಿರಲಿಲ್ಲ. ರಿಕಾಪು ಯುರೋಪಿಗೆ ಬಂದದ್ದು ಸಾವಿರಕ್ಕೂ ಹೆಚ್ಚು ವರ್ಷಗಳ ಮೇಲೆ, ಆಲೂಗಡ್ಡೆ ಕೊಲಂಬಸನ ನಂತರ. ಬಾರ್ಲಿ ಅಂಬಲಿ ಕೊಡಿ.

ದೊಡ್ಡ ತೊಡಕು ನಂಟಿನದು. ಅಪ್ಪನ ಪಟ್ಟ ಮಗನಿಗೆ, ಮಗಳು ಗಂಡನ ಮನೆಗೆ ಎಂದು ನೀವು ಮೊದಲೇ ತೀರ್ಮಾನಿಸಿದ್ದೀರಿ. ಸ್ಟುಟ್‌ಗಾರ್ಟ್ ಬಳಿಯ ಹೋಖ್‌ಡೋರ್ಫ್ ಮತ್ತು ಗ್ರಾಫೆನ್‌ಬ್ಯೂಲ್ ಸಮಾಧಿಗಳನ್ನು ನೋಡಿ. ನಿಮ್ಮ ನಾಯಕಿಗಿಂತ ಒಂದೆರಡು ತಲೆಮಾರು ಈಚಿನವು, ನಡುವೆ ಸುಮಾರು 10 ಕಿ.ಮೀ. ದೂರ. 2024ರಲ್ಲಿ ಪ್ರಕಟವಾದ ಡಿಎನ್‌ಎ ಅಧ್ಯಯನದಂತೆ ಅಲ್ಲಿನ ಇಬ್ಬರು ಒಡೆಯರು ಬಹುಪಾಲು ಸೋದರಮಾವ, ಸೋದರಳಿಯ: ಮೊದಲನೆಯವನ ಒಡಹುಟ್ಟಿದವಳೇ ಎರಡನೆಯವನ ತಾಯಿ. ಇಂಗ್ಲಿಷಿನಲ್ಲಿ ಇದಕ್ಕೆ ವಿವರಣೆ ಬೇಕು, ಕನ್ನಡದಲ್ಲಿ ಒಂದು ಪದ ಸಾಕು. ಆ ಪದ ನಿಮ್ಮ ಕಥೆಯಲ್ಲಿ ಒಮ್ಮೆಯೂ ಬಂದಿಲ್ಲ! ಹಾಗೆಂದು ಕರಾವಳಿಯ ಅಳಿಯಸಂತಾನವನ್ನೇ ಎತ್ತಿ ಅಲ್ಲಿಡಬೇಡಿ. ತಾಯಿಯ ಕಡೆಯ ನಂಟಿಗೆ ತೂಕವಿತ್ತು ಎನ್ನಬಹುದು. ಆಸ್ತಿ ಯಾರ ಕೈಸೇರಿತೆಂದು ಎಲುಬು ಹೇಳುವುದಿಲ್ಲ.

ನಿಮ್ಮ ರಾಜಕುಮಾರಿಯ ಪಕ್ಕದ ಗೋರಿಯ ಪುಟ್ಟ ಹುಡುಗಿಯನ್ನು ಆಕೆಯ ಮಗಳೆಂದು ಘೋಷಿಸಿಬಿಟ್ಟಿದ್ದೀರಿ. ಕಥೆಯಲ್ಲಿ ಮಗಳೇ ಆಗಿರಲಿ, ಅದನ್ನು ಒಡವೆ ಹೇಳಲಿ. ಇಬ್ಬರ ಚಿನ್ನವೂ ಒಂದೇ ಕೈಯ ಕೆಲಸದಂತೆ ಕಾಣುತ್ತದೆ. ಅಕ್ಕಸಾಲಿಯ ಮುಂದೆ ತಾಯಿ ಕೂತಿರುವ ಒಂದು ದೃಶ್ಯ ಬರೆದರೆ ನಿಮ್ಮ ಎರಡು ಪುಟಗಳ ವಂಶಾವಳಿಯೇ ಬೇಡ.

ಕೋಟೆ ಕಗ್ಗಲ್ಲಿನದಲ್ಲ. ಸುಣ್ಣಕಲ್ಲಿನ ಅಡಿಪಾಯ, ಮೇಲೆ ಬಿಸಿಲಿಗೆ ಒಣಗಿಸಿದ ಹಸಿ ಇಟ್ಟಿಗೆ, ಅದಕ್ಕೆ ಬಿಳಿ ಸುಣ್ಣ. ಎತ್ತರ ಸುಮಾರು 4 ಮೀಟರ್. ಸುಣ್ಣ ಚಕ್ಕೆಯೆದ್ದರೆ ಮಳೆನೀರು ಒಳಗಿಳಿದು ಇಟ್ಟಿಗೆ ಮತ್ತೆ ಮಣ್ಣಾಗುತ್ತದೆ. ಮಳೆ ನಿಂತ ಬೆಳಿಗ್ಗೆ, ಉಬ್ಬಿದ ಸುಣ್ಣವನ್ನು ಉಗುರಿನಿಂದ ಕೆರೆದು ನೋಡುವ ಹೆಂಗಸು: ಕಥೆ ಇಲ್ಲಿಂದ ಶುರುವಾಗಲಿ. ಮೊದಲ ಆರು ಪುಟ ತೆಗೆದುಬಿಡಿ.