ಮಾರಿ ಹೋಗುವವರು, ಜೊತೆಗಿರುವವರು

ಪ್ರಶ್ನೆ: ಕಲಬುರಗಿಯಲ್ಲಿ ನಮ್ಮದೊಂದು ದಾಲ್ ಮಿಲ್ ಇದೆ. ಕಳೆದ ವರ್ಷ ಆರು ಕಂಪ್ಯೂಟರ್, ಒಂದು ಸರ್ವರ್ ಮತ್ತು ಯುಪಿಎಸ್‌ಗಾಗಿ ನಾಲ್ಕು ಕಡೆ ಕೊಟೇಶನ್ ತರಿಸಿ, ಎಲ್ಲರಿಗಿಂತ ಕಡಿಮೆ ದರ ಹೇಳಿದ ಹೊರಊರಿನವರಿಂದ ಕೊಂಡೆವು. ಈ ಜನವರಿಯಲ್ಲಿ, ತೊಗರಿಯ ಆವಕ ಜೋರಾಗಿದ್ದಾಗಲೇ, ಸರ್ವರ್ ನಿಂತು ಮೂರು ದಿನ ಬಿಲ್ಲು ಹೊರಡಲಿಲ್ಲ. ಮಾರಿದವರನ್ನು ಕೇಳಿದರೆ ‘ವಾರಂಟಿ ಕಂಪನಿಯದು, ಟೋಲ್ ಫ್ರೀ ನಂಬರಿಗೆ ಫೋನ್ ಮಾಡಿ’ ಎಂದರು. ಈಗ ಊರಿನವರೇ ಒಬ್ಬರು ಇವುಗಳ ನಿರ್ವಹಣೆಗೆ ಮೂರು ವರ್ಷದ ಒಪ್ಪಂದ ಮಾಡಿಕೊಳ್ಳೋಣ ಎನ್ನುತ್ತಿದ್ದಾರೆ. ಕೆಡದೆ ಇರುವ ವಸ್ತುವಿಗೆ ತಿಂಗಳು ತಿಂಗಳು ಹಣ ಕೊಡುವುದು ದಂಡವಲ್ಲವೇ ಎಂದು ನಮ್ಮ ತಂದೆಯವರು ಕೇಳುತ್ತಾರೆ. ಏನು ಮಾಡಬೇಕು?

ಉತ್ತರ: ಮಾರಿದವರು ಮೋಸ ಮಾಡಿದರೆಂದು ನಾನು ಹೇಳಲಾರೆ. ಅವರ ಲಾಭ ಮಾರಾಟದ ದಿನದ ಬಿಲ್ಲಿನಲ್ಲಿಯೇ ಮುಗಿದಿರುತ್ತದೆ. ನಾಲ್ಕು ಕೊಟೇಶನ್ ತೋರಿಸಿ ಆ ಲಾಭವನ್ನೂ ಇಳಿಸಿದ ಮೇಲೆ, ಜನವರಿಯಲ್ಲಿ ನಿಮ್ಮ ಮಿಲ್ಲಿಗೆ ಎಂಜಿನಿಯರನ್ನು ಕಳುಹಿಸುವ ಖರ್ಚಿಗೆ ಅವರಲ್ಲಿ ಏನೂ ಉಳಿದಿರುವುದಿಲ್ಲ. ತಂದೆಯವರ ಪ್ರಶ್ನೆಗೆ ಮಾತಿನಿಂದ ಉತ್ತರ ಕೊಡುವುದಕ್ಕಿಂತ, ಆ ಮೂರು ದಿನಗಳಲ್ಲಿ ಎಷ್ಟು ಲಾರಿಗಳು ಲೋಡಾಗಿ ನಿಂತವು, ಎಷ್ಟು ವಸೂಲಿ ಮುಂದೆ ಹೋಯಿತು, ಗುಮಾಸ್ತರು ಕೈಬರಹದ ಚೀಟಿಗಳನ್ನು ಮತ್ತೆ ಕಂಪ್ಯೂಟರಿಗೆ ಏರಿಸಲು ಎಷ್ಟು ರಾತ್ರಿ ಕುಳಿತರು ಎಂಬುದನ್ನು ಒಂದು ಹಾಳೆಯ ಮೇಲೆ ಬರೆದು, ಕೊಳ್ಳುವಾಗ ಉಳಿಸಿದ ಹಣದ ಪಕ್ಕದಲ್ಲಿಟ್ಟು ಅವರಿಗೆ ತೋರಿಸಿ.

ನಮ್ಮ ಭಾಗದ ಮಿಲ್ಲುಗಳಲ್ಲಿ ಯಂತ್ರಗಳು ಕೆಡುವ ರೀತಿಯೇ ಬೇರೆ. ಕೆಲವು ವರ್ಷಗಳ ಹಿಂದೆ ಒಂದು ಮಿಲ್ಲಿನ ಕಚೇರಿಯಲ್ಲಿ, ಗಳಿಗೆಗೊಮ್ಮೆ ತಾನೇ ಬಂದ್ ಆಗುತ್ತಿದ್ದ ಕಂಪ್ಯೂಟರೊಂದನ್ನು ಬಿಚ್ಚಿ ನೋಡಿದಾಗ, ಒಳಗಿನ ಫ್ಯಾನಿನ ರೆಕ್ಕೆಗಳ ನಡುವೆ ತೊಗರಿ ಹೊಟ್ಟಿನ ಹಳದಿ ಧೂಳು ಕಂಬಳಿಯ ತುಂಡಿನಂತೆ ಗಟ್ಟಿಯಾಗಿ ಕೂತಿತ್ತು. ಬ್ರಷ್ಷಿನಿಂದ ಅದನ್ನು ತೆಗೆದ ಮೇಲೆ ಯಂತ್ರ ಸರಿಹೋಯಿತು. ಆ ಮಿಲ್ಲಿನವರು ಹೊಸದನ್ನು ಕೊಳ್ಳಲು ಆಗಲೇ ದರ ಕೇಳಿದ್ದರು. ಬ್ಯಾಟರಿಯ ಕಥೆಯೂ ಇಂಥದ್ದೇ. ಯುಪಿಎಸ್‌ನ ಲೆಡ್-ಆಸಿಡ್ ಬ್ಯಾಟರಿಯ ಆಯುಷ್ಯವನ್ನು 25 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣತೆಗೆ ಲೆಕ್ಕ ಹಾಕಿರುತ್ತಾರೆ. ಅದರ ಮೇಲೆ ಸುಮಾರು 10 ಡಿಗ್ರಿ ಏರಿದರೆ ಆಯುಷ್ಯ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ, ಕಲಬುರಗಿಯ ಬೇಸಿಗೆಯಲ್ಲಾದರೋ 40 ಡಿಗ್ರಿ ದಾಟುವುದು ಪ್ರತಿ ವರ್ಷದ ಮಾತು. ಸರ್ವರ್ ಯಾವ ಕೋಣೆಯಲ್ಲಿರಬೇಕು, ಬ್ಯಾಟರಿಯನ್ನು ಯಾವಾಗ ಬದಲಿಸಬೇಕು ಎಂಬುದನ್ನು ನಿಮ್ಮ ಮಿಲ್ಲಿನ ಒಳಗೆ ಬಂದು ನಿಂತವರು ಹೇಳಬಲ್ಲರೇ ಹೊರತು ಪಾರ್ಸೆಲ್ ಕಳುಹಿಸಿದವರಲ್ಲ.

ಇನ್ನು ತಂತ್ರಾಂಶದ ಮಾತು. 2022ರ ಜುಲೈ 18ರಿಂದ, 25 ಕೆಜಿವರೆಗಿನ, ಮೊದಲೇ ಪ್ಯಾಕ್ ಮಾಡಿ ಲೇಬಲ್ ಹಚ್ಚಿದ ಬೇಳೆಯ ಚೀಲಗಳಿಗೆ 5% ಜಿಎಸ್‌ಟಿ ಬಂದಾಗ, ಬಿಲ್ಲಿಂಗ್ ತಂತ್ರಾಂಶದಲ್ಲಿ ಚಿಕ್ಕ ಚೀಲ, ದೊಡ್ಡ ಚೀಲ ಎಂದು ಸರಕುಗಳನ್ನು ಬೇರ್ಪಡಿಸಬೇಕಾಯಿತು. ವಿಂಡೋಸ್ 10ಕ್ಕೆ ಉಚಿತ ಸುರಕ್ಷತಾ ಅಪ್‌ಡೇಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲುವುದೆಂದು ಬಹಳ ಮೊದಲೇ ಪ್ರಕಟವಾಗಿತ್ತು. 2017ರ ಮೇ ತಿಂಗಳಲ್ಲಿ ವನ್ನಾಕ್ರೈ ಎಂಬ ವೈರಸ್ ಜಗತ್ತಿನಾದ್ಯಂತ ಕಂಪ್ಯೂಟರುಗಳಿಗೆ ಬೀಗ ಹಾಕಿ ಹಣ ಕೇಳಿತಲ್ಲ, ಅದನ್ನು ತಡೆಯುವ ಅಪ್‌ಡೇಟನ್ನು ಮೈಕ್ರೋಸಾಫ್ಟ್ ಅದೇ ವರ್ಷದ ಮಾರ್ಚ್‌ನಲ್ಲಿಯೇ ಕೊಟ್ಟಿತ್ತು. ಅದನ್ನು ಹಾಕುವುದು ತಮ್ಮ ಕೆಲಸವೆಂದು ಯಾರೂ ತಿಳಿಯದ ಎಷ್ಟೋ ಕಚೇರಿಗಳು ಸಿಕ್ಕಿಬಿದ್ದವು. ಇಂಥ ದಿನಾಂಕಗಳನ್ನು ನಿಮ್ಮ ಪರವಾಗಿ ನೆನಪಿಟ್ಟುಕೊಂಡು ಮೊದಲೇ ಫೋನ್ ಮಾಡುವವರಿಗೆ ಕೊಡುವ ಹಣವನ್ನು ನಾನು ದಂಡ ಎನ್ನಲಾರೆ.

ಆದರೆ ಊರಿನವರೆಂಬ ಒಂದೇ ಕಾರಣಕ್ಕೆ ಸಹಿ ಹಾಕಬೇಡಿ. ‘ಎಲ್ಲವನ್ನೂ ನಾವೇ ನೋಡಿಕೊಳ್ಳುತ್ತೇವೆ’ ಎಂಬ ಮಾತನ್ನು ಬಿಡಿಸಿ ಬರೆಸಿಕೊಳ್ಳಿ: ದೂರು ಕೊಟ್ಟ ಎಷ್ಟು ಗಂಟೆಯಲ್ಲಿ ಬರುತ್ತಾರೆ, ಡಿಸೆಂಬರಿನಿಂದ ಮಾರ್ಚ್‌ವರೆಗಿನ ಹಂಗಾಮಿನಲ್ಲಿ ಬದಲಿ ಯಂತ್ರವನ್ನು ಇಲ್ಲಿಯೇ ಇಟ್ಟಿರುತ್ತಾರೆಯೇ, ಬಿಡಿಭಾಗಗಳ ಖರ್ಚು ಯಾರದು. ಎಎಂಸಿಯಲ್ಲಿ, ಅಂದರೆ ವಾರ್ಷಿಕ ನಿರ್ವಹಣಾ ಒಪ್ಪಂದದಲ್ಲಿ, ಬಿಡಿಭಾಗ ಸೇರಿದ್ದು, ಸೇರದ್ದು ಎಂದು ಎರಡು ಬಗೆ ಉಂಟು. ಸೇರಿದೆ ಎಂದ ಕಡೆಯೂ ಬ್ಯಾಟರಿಯನ್ನು ಹೊರಗಿಟ್ಟಿರುವುದನ್ನು ನಾನು ಅನೇಕ ಸಲ ನೋಡಿದ್ದೇನೆ. ಬ್ಯಾಕಪ್ ತೆಗೆಯುತ್ತೇವೆ ಎಂದರೆ ಸಾಲದು, ಮೂರು ತಿಂಗಳಿಗೊಮ್ಮೆ ಆ ಬ್ಯಾಕಪ್ಪಿನಿಂದ ಲೆಕ್ಕವನ್ನು ಮರಳಿ ತೆರೆದು ನಿಮ್ಮ ಗುಮಾಸ್ತರಿಗೆ ತೋರಿಸಬೇಕು, ಒಂದು ಪ್ರತಿ ಮಿಲ್ಲಿನ ಹೊರಗೆ ಇರಬೇಕು. ಸರ್ವರಿಗೆ ಸದಾ ಸಿಕ್ಕಿಸಿಟ್ಟ ಹಾರ್ಡ್‌ಡಿಸ್ಕಿನಲ್ಲಿರುವ ಪ್ರತಿಗೂ ವೈರಸ್ ಬೀಗ ಹಾಕಬಲ್ಲದು.

ಎಲ್ಲಕ್ಕಿಂತ ಮುಖ್ಯವಾಗಿ, ಅಡ್ಮಿನ್ ಪಾಸ್‌ವರ್ಡ್, ತಂತ್ರಾಂಶದ ಲೈಸೆನ್ಸ್, ವೆಬ್‌ಸೈಟಿನ ಹೆಸರು, ಇವೆಲ್ಲ ನಿಮ್ಮ ಸಂಸ್ಥೆಯ ಹೆಸರಿನಲ್ಲಿ, ನಿಮ್ಮ ಇಮೇಲಿನಲ್ಲಿ ಇರಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಕಚೇರಿಯಲ್ಲಿ ಫೈರ್‌ವಾಲಿನ, ಅಂದರೆ ಇಂಟರ್ನೆಟ್ಟಿನ ಬಾಗಿಲು ಕಾಯುವ ಉಪಕರಣದ, ಪಾಸ್‌ವರ್ಡ್ ಒಬ್ಬ ಎಂಜಿನಿಯರನ ನೆನಪಿನಲ್ಲಷ್ಟೇ ಇತ್ತು. ಅವರು ಕೆಲಸ ಬಿಟ್ಟು ಹೋದ ಮೇಲೆ ಉಪಕರಣವನ್ನು ಪೂರ್ತಿ ಅಳಿಸಿ, ಎರಡು ದಿನ ಇಂಟರ್ನೆಟ್ ಇಲ್ಲದೆ, ಮೊದಲಿನಿಂದ ಕಟ್ಟಬೇಕಾಯಿತು. ಬಿಟ್ಟು ಹೋಗಲಾರದ ಕಾರಣಕ್ಕೆ ಉಳಿಯುವ ಸಂಬಂಧವನ್ನು ಪಾಲುದಾರಿಕೆ ಎನ್ನಲು ನನಗೆ ಮನಸ್ಸು ಬಾರದು. ಆದ್ದರಿಂದ ಮೊದಲು ಒಂದು ವರ್ಷಕ್ಕೆ ಸಹಿ ಮಾಡಿ, ಮೂರು ತಿಂಗಳ ನೋಟಿಸಿನಲ್ಲಿ ಬೇರೆಯಾಗುವ ಕರಾರನ್ನೂ, ಹೋಗುವಾಗ ಎಲ್ಲ ಪಾಸ್‌ವರ್ಡ್ ಮತ್ತು ದಾಖಲೆ ಒಪ್ಪಿಸುವ ಕರಾರನ್ನೂ ಸೇರಿಸಿ. ಸಹಿಗೆ ಮುನ್ನ ಅವರನ್ನು ಮಿಲ್ಲಿಗೆ ಕರೆದು ಕೇಳಿ ನೋಡಿ: ಈ ವರ್ಷ ನಾವು ಯಾವುದನ್ನು ಕೊಳ್ಳುವುದು ಬೇಡ? ಇದಕ್ಕೆ ಸ್ಪಷ್ಟವಾಗಿ ಉತ್ತರ ಹೇಳುವವರ ಜೊತೆ ನೀವು ಧೈರ್ಯವಾಗಿ ಮುಂದುವರಿಯಬಹುದು.

ಪ್ರಶ್ನೆ: ಯಾದಗಿರಿಯಲ್ಲಿ ಹನ್ನೆರಡು ವರ್ಷದಿಂದ ಕಂಪ್ಯೂಟರ್ ಅಂಗಡಿ ನಡೆಸುತ್ತಿದ್ದೇನೆ. ಗಿರಾಕಿಗಳು ಮೊಬೈಲಿನಲ್ಲಿ ಆನ್‌ಲೈನ್ ದರ ತೋರಿಸಿಯೇ ಮಾತು ಶುರು ಮಾಡುತ್ತಾರೆ. ಬರೀ ಮಾರಾಟ ಬಿಟ್ಟು ವರ್ಷಗಟ್ಟಲೆಯ ಸೇವೆಗೆ ಹೊರಳಬೇಕೆಂದಿದ್ದೇನೆ. ಎಲ್ಲಿಂದ ತೊಡಗಲಿ?

ಉತ್ತರ: ಈಗಾಗಲೇ ನಿಮ್ಮಿಂದ ಕೊಂಡವರಿಂದಲೇ ತೊಡಗಿ. ಹಳೆಯ ಬಿಲ್ಲುಗಳನ್ನು ತೆಗೆದು, ಯಾರ ಬಳಿ ಯಾವ ಯಂತ್ರ, ಅದರ ಸೀರಿಯಲ್ ನಂಬರು, ವಾರಂಟಿ ಮತ್ತು ಲೈಸೆನ್ಸ್ ಮುಗಿಯುವ ದಿನ, ಇಷ್ಟನ್ನು ಒಂದು ಪಟ್ಟಿ ಮಾಡಿ. ವಾರಂಟಿ ಮುಗಿಯಲು ತಿಂಗಳಿರುವಾಗ ನೀವಾಗಿ ಒಂದು ಫೋನ್ ಮಾಡಿದರೆ ನಿಮ್ಮ ಸೇವೆ ಏನೆಂಬುದು ಅವರಿಗೆ ವಿವರಿಸದೆಯೇ ತಿಳಿಯುತ್ತದೆ. ವಸ್ತುವಿನ ಬೆಲೆಯನ್ನೂ ಸೇವೆಯ ಶುಲ್ಕವನ್ನೂ ಬಿಲ್ಲಿನಲ್ಲಿ ಬೇರೆ ಬೇರೆಯಾಗಿ ತೋರಿಸಿ. ಬೆಲೆಯೊಳಗೆ ಸೇವೆಯನ್ನು ಅಡಗಿಸಿದರೆ ಆನ್‌ಲೈನ್ ದರದ ಮುಂದೆ ನೀವು ದುಬಾರಿಯಾಗಿ ಕಾಣುತ್ತೀರಿ, ಸೇವೆಯನ್ನು ಪುಕ್ಕಟೆ ಕೊಟ್ಟರೆ ಎರಡನೇ ವರ್ಷ ಅದನ್ನು ಕೊಡಲು ನಿಮ್ಮಿಂದಾಗದು. ಮೊದಲ ವರ್ಷ ನಾಲ್ಕೈದು ಗಿರಾಕಿಗಳು ಸಾಕು. ಶಹಾಪುರದಲ್ಲಿ ಒಬ್ಬರು, ಸುರಪುರದಲ್ಲಿ ಒಬ್ಬರು ಎಂದು ದೂರ ದೂರ ಹರಡಿಕೊಂಡರೆ ಹೇಳಿದ ಹೊತ್ತಿಗೆ ತಲುಪುವುದು ಕಷ್ಟ. ಕೈಯಲ್ಲಿ ಒಂದು ಬದಲಿ ಪ್ರಿಂಟರ್, ಒಂದು ಬದಲಿ ಕಂಪ್ಯೂಟರ್ ಸದಾ ಸಿದ್ಧವಿರಲಿ. ಸರ್ವರಿನಂಥ ಕೆಲಸ ಬರದಿದ್ದರೆ ಬರದು ಎಂದು ಹೇಳಿ, ಬಲ್ಲವರನ್ನು ಜೊತೆಗೆ ಕರೆದುಕೊಂಡು ಹೋಗಿ.

ಪ್ರಶ್ನೆ: ಬೀದರಿನ ಶಿಕ್ಷಣ ಸಂಸ್ಥೆಯೊಂದರ ಕಚೇರಿ ನೋಡಿಕೊಳ್ಳುತ್ತೇನೆ. ಆಡಳಿತ ಮಂಡಳಿಯ ನಿಯಮದಂತೆ ಮೂರು ಕೊಟೇಶನ್ ತಂದು ಕಡಿಮೆ ದರದವರಿಗೇ ಕೊಡಬೇಕು. ನಮಗೆ ವರ್ಷಗಟ್ಟಲೆಯ ಸೇವೆಯ ಒಪ್ಪಂದ ಸಾಧ್ಯವೇ?

ಉತ್ತರ: ಸಾಧ್ಯವಿದೆ. ಮೂರು ಕೊಟೇಶನ್ ತರಿಸುವ ನಿಮ್ಮ ಪತ್ರದಲ್ಲಿ ‘ಕಂಪ್ಯೂಟರ್, 20’ ಎಂದಷ್ಟೇ ಬರೆಯದೆ, ಸಂಸ್ಥೆಯಲ್ಲಿಯೇ ಬಂದು ರಿಪೇರಿ ಮಾಡುವ ಮೂರು ವರ್ಷದ ವಾರಂಟಿ, ದೂರಿಗೆ ಬರಬೇಕಾದ ಅವಧಿ, ಪರೀಕ್ಷೆಯ ದಿನಗಳಲ್ಲಿ ಒಬ್ಬ ಎಂಜಿನಿಯರ್ ಲಭ್ಯವಿರುವುದು, ತಪ್ಪಿದರೆ ಕಡಿತ, ಇವನ್ನೆಲ್ಲ ಸೇರಿಸಿ ಮೂರು ವರ್ಷದ ಒಟ್ಟು ಖರ್ಚಿಗೆ ದರ ಕೇಳಿ. ಆಗ ಮೂವರೂ ಒಂದೇ ಕೆಲಸಕ್ಕೆ ದರ ಹೇಳಿದಂತಾಗುತ್ತದೆ, ನಿಯಮವನ್ನೂ ಮೀರಿದಂತಾಗುವುದಿಲ್ಲ. ಹಣದಲ್ಲಿ ಒಂದಿಷ್ಟು ಭಾಗವನ್ನು ಹಿಡಿದಿಟ್ಟು ಪ್ರತಿ ವರ್ಷದ ಕೊನೆಗೆ ಸೇವೆ ನೋಡಿ ಬಿಡುಗಡೆ ಮಾಡುವುದೆಂಬ ಷರತ್ತನ್ನು ಅದೇ ಪತ್ರದಲ್ಲಿ ಬರೆದು, ಕಳುಹಿಸುವ ಮುನ್ನವೇ ಮಂಡಳಿಯ ಒಪ್ಪಿಗೆ ಪಡೆದುಕೊಳ್ಳಿ.