ಕ್ಯಾಲಿಫೋರ್ನಿಯಾದ ಮಿಲ್ಪಿಟಾಸ್‌ನ ಎಲ್ಮ್‌ವುಡ್ ಜೈಲಿನಲ್ಲಿರುವ ತಮ್ಮನನ್ನು ನೋಡಲು ಹೋಗುವ ಮುಂಚೆ ಏನೇನು ತಿಳಿದಿರಬೇಕು?

ತಮ್ಮನನ್ನು ಮಂಗಳವಾರ ರಾತ್ರಿ ಮನೆಯೊಳಗಿನ ಜಗಳದ ಕೇಸಿನಲ್ಲಿ ಹಿಡಿದಿದ್ದಾರೆ, ಸ್ಯಾನ್ ಹೋಸೆಯ ಮೇನ್ ಜೈಲಿನಿಂದ ಎಲ್ಮ್‌ವುಡ್‌ಗೆ ಕಳಿಸಿದ್ದಾರೆ, ಶನಿವಾರ ನೀವು ಅವನ ಹೆಂಡತಿಯನ್ನೂ ಕರಕೊಂಡು ಹೋಗಬೇಕು ಅಂತಿದ್ದೀರಿ, ದಾವಣಗೆರೆಯಲ್ಲಿರುವ ಅಪ್ಪ ಅಮ್ಮನಿಗೆ ಅವನ ದನಿ ಕೇಳಿಸಬೇಕು. ಇಷ್ಟು ಬರೆದಿದ್ದೀರಿ. ನನ್ನ ತಮ್ಮ ಬೇರೊಂದು ರಾಜ್ಯದ ಕೌಂಟಿ (ನಮ್ಮ ಜಿಲ್ಲೆಯಂಥದ್ದು) ಜೈಲಿನಲ್ಲಿ 41 ದಿನ ಇದ್ದ. ಹಾಗಾಗಿ ನಿಮ್ಮ ಈ ವಾರ ಹೇಗಿದೆ ಅಂತ ನನಗೆ ಗೊತ್ತು.

ಮೊದಲ ಮಾತು ಅವನ ಹೆಂಡತಿಯ ಬಗ್ಗೆ. ವಕೀಲರನ್ನು ಕೇಳದೆ ದಯವಿಟ್ಟು ಅವರನ್ನು ಕರಕೊಂಡು ಹೋಗಬೇಡಿ. ಕ್ಯಾಲಿಫೋರ್ನಿಯಾದಲ್ಲಿ ಇಂಥ ಕೇಸುಗಳಲ್ಲಿ ಪೊಲೀಸರು ಅದೇ ರಾತ್ರಿ ಜಡ್ಜ್ ಹತ್ತಿರ ತುರ್ತು ರಕ್ಷಣಾ ಆದೇಶ ಪಡೆಯಬಹುದು. ಅದು ಕೋರ್ಟಿನ 5 ಕೆಲಸದ ದಿನ ಅಥವಾ ಒಟ್ಟು 7 ದಿನ, ಯಾವುದು ಮೊದಲೋ ಅಲ್ಲಿಯವರೆಗೆ ನಡೆಯುತ್ತದೆ. ಆಮೇಲೆ ಅರೈನ್‌ಮೆಂಟ್ ದಿನ, ಅಂದರೆ ಕೋರ್ಟಿನಲ್ಲಿ ಮೊದಲ ಸಲ ಆರೋಪ ತಿಳಿಸುವ ದಿನ, ಕ್ರಿಮಿನಲ್ ಕೋರ್ಟ್ ಬೇರೆ ಆದೇಶ ಹೊರಡಿಸಬಹುದು. ಆ ಆದೇಶ ಕಟ್ಟಿಹಾಕುವುದು ನಿಮ್ಮ ತಮ್ಮನನ್ನು. ಹೆಂಡತಿಯೇ ಅಳುತ್ತಾ ಬಂದು ಎದುರು ಕೂತರೂ, ಮಾತಾಡಿದರೆ ಉಲ್ಲಂಘನೆ ಅವನ ತಲೆಗೇ ಬರುತ್ತದೆ, ಅದು ಇನ್ನೊಂದು ಕೇಸು. ಫೋನ್, ಪತ್ರ, "ಅವಳಿಗೆ ಹೀಗೆ ಹೇಳು" ಅಂತ ನಿಮ್ಮ ಮೂಲಕ ಕಳಿಸುವ ಮಾತು, ಎಲ್ಲವೂ ಇದರೊಳಗೆ ಬರಬಹುದು. ಶಾಂತವಾಗಿ ಸಂಪರ್ಕದಲ್ಲಿರಬಹುದು ಅನ್ನುವ ಸೌಮ್ಯ ಆದೇಶವೂ ಉಂಟು. ಅದಕ್ಕೆ ಬದಲಾಯಿಸಿ ಅಂತ ಅವರೇ ಕೋರ್ಟನ್ನು ಕೇಳಿಕೊಳ್ಳಬಹುದು. ಆದರೆ ಕಾಗದ ಕೈಗೆ ಬರುವವರೆಗೆ ಅವರು ಮನೆಯಲ್ಲೇ ಇರಲಿ. ಇನ್ನೊಂದು ಮಾತು, ಅಕ್ಕನಾಗಿ ಹೇಳುತ್ತಿದ್ದೇನೆ: ಅವರಿಗೆ ನಿಜವಾಗಿ ಏನು ಬೇಕು ಅಂತ ಒಮ್ಮೆ ಒಬ್ಬರೇ ಇರುವಾಗ ಕೇಳಿ. ನಮ್ಮ ಕಡೆಯವರೆಲ್ಲ ಸುತ್ತ ಕೂತಾಗ ಹೆಣ್ಣುಮಗಳು ಹೇಳುವ ಮಾತೇ ಬೇರೆ ಇರುತ್ತದೆ.

ಇನ್ನು ಭೇಟಿ. ಅಮೆರಿಕದಲ್ಲಿ 3,000ಕ್ಕೂ ಹೆಚ್ಚು ಕೌಂಟಿಗಳಿವೆ, ಕ್ಯಾಲಿಫೋರ್ನಿಯಾ ಒಂದರಲ್ಲೇ 58. ಒಂದು ಕೌಂಟಿಯ ನಿಯಮ ಪಕ್ಕದ ಕೌಂಟಿಗೆ ಹೊಂದುವುದಿಲ್ಲ. ಹಾಗಾಗಿ ವಾಟ್ಸಾಪ್ ಗುಂಪಿನಲ್ಲಿ ಯಾರೋ ಹೇಳಿದ್ದನ್ನು ನಂಬಬೇಡಿ, ನನ್ನದನ್ನೂ ಜೈಲು ನಡೆಸುವ ಶೆರಿಫ್ ಕಚೇರಿಯ ವೆಬ್‌ಸೈಟಿನ ಜೊತೆ ತಾಳೆ ನೋಡಿ. ಎಲ್ಮ್‌ವುಡ್ ಇರುವ ಸಾಂಟಾ ಕ್ಲಾರಾ ಕೌಂಟಿಯಲ್ಲಿ ಪ್ರತಿಯೊಬ್ಬ ಕೈದಿಗೂ ಪಿಎಫ್‌ಎನ್ ಅನ್ನುವ ನಂಬರ್ ಇರುತ್ತದೆ. ದುಡ್ಡು ಹಾಕಲು, ಪತ್ರ ಬರೆಯಲು, ಭೇಟಿಗೆ ಹೆಸರು ಕೊಡಲು ಅದನ್ನೇ ಕೇಳುತ್ತಾರೆ. ಇವತ್ತೇ ಬರೆದಿಟ್ಟುಕೊಳ್ಳಿ. ಅದರ ಜೊತೆ ಅವನು ಯಾವ ಯೂನಿಟ್‌ನಲ್ಲಿದ್ದಾನೆ ಅಂತಲೂ ತಿಳಿದುಕೊಳ್ಳಿ, ಏಕೆಂದರೆ ದೊಡ್ಡ ಜೈಲುಗಳಲ್ಲಿ ಭೇಟಿಯ ದಿನ ಯೂನಿಟ್ ಪ್ರಕಾರ ಹಂಚಿರುತ್ತಾರೆ.

ನಾನು ಇದನ್ನು ಕಷ್ಟಪಟ್ಟು ಕಲಿತೆ. ಮೊದಲ ಸಲ ಎರಡು ಗಂಟೆ ಕಾರು ಓಡಿಸಿಕೊಂಡು ಹೋದೆ. ಕಿಟಕಿಯ ಹಿಂದಿದ್ದ ಹೆಂಗಸು ಕಂಪ್ಯೂಟರ್ ನೋಡಿ, ಹಿಂದಿನ ರಾತ್ರಿ ಅವನನ್ನು ಬೇರೆ ಕಟ್ಟಡಕ್ಕೆ ಹಾಕಿದ್ದಾರೆ, ಆ ಕಟ್ಟಡಕ್ಕೆ ಭೇಟಿ ಮಂಗಳವಾರ ಅಂದರು. ಪಾರ್ಕಿಂಗ್ ಲಾಟಿನಲ್ಲಿ ಕೂತು ಅತ್ತೆ, ಅದೇ ಎರಡು ಗಂಟೆ ವಾಪಸ್ ಓಡಿಸಿದೆ. ಮೊದಲ ವಾರಗಳಲ್ಲಿ ಕೈದಿಗಳನ್ನು ಹೀಗೆ ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವುದು ಮಾಮೂಲು. ಅದಕ್ಕೇ ಅಪಾಯಿಂಟ್‌ಮೆಂಟ್ ಕೈಯಲ್ಲಿದ್ದರೂ ಶನಿವಾರ ಮನೆ ಬಿಡುವ ಮುಂಚೆ ಇನ್ನೊಮ್ಮೆ ಹುಡುಕಿ ನೋಡಿ, ಅವನು ಎಲ್ಮ್‌ವುಡ್‌ನಲ್ಲೇ ಇದ್ದಾನೋ ಮತ್ತೆ ಸ್ಯಾನ್ ಹೋಸೆಗೆ ಹೋದನೋ ಅಂತ.

ಗುರುತಿಗೆ ಡ್ರೈವಿಂಗ್ ಲೈಸೆನ್ಸ್ ಅಥವಾ ಪಾಸ್‌ಪೋರ್ಟ್, ಅಸಲಿಯೇ ಇರಲಿ, ಫೋನಿನಲ್ಲಿರುವ ಫೋಟೊ ನಡೆಯುವುದಿಲ್ಲ. ಫೋನ್, ಸ್ಮಾರ್ಟ್ ವಾಚ್, ಪರ್ಸ್ ಕಾರಿನಲ್ಲೇ ಬಿಡಿ. ಬಟ್ಟೆಯ ವಿಷಯದಲ್ಲಿ ಅವರು ಬಹಳ ಕಟ್ಟುನಿಟ್ಟು: ತೋಳಿಲ್ಲದ್ದು, ತೆಳ್ಳಗಿನದ್ದು, ಚಡ್ಡಿ, ಕೈದಿಗಳ ಸಮವಸ್ತ್ರದ ಬಣ್ಣ ಹೋಲುವುದು ಬೇಡ. ಉದ್ದ ತೋಳಿನ ಸಾದಾ ಟಿ-ಶರ್ಟ್ ಒಂದು ಹೆಚ್ಚುವರಿಯಾಗಿ ಕಾರಿನಲ್ಲಿಟ್ಟಿರಿ. ಮೆಟಲ್ ಡಿಟೆಕ್ಟರ್ ದಾಟಬೇಕು, ಹಾಗಾಗಿ ಕಡಗ, ಸರ, ಬೆಲ್ಟ್ ಮನೆಯಲ್ಲೇ ಇರಲಿ. ಜೊತೆಗೆ ಹೆಂಗಸರು ಯಾರಾದರೂ ಬಂದರೆ ಒಳಉಡುಪಿನ ತಂತಿ ಕೂಡ ಬೀಪ್ ಅನ್ನುತ್ತದೆ ಅಂತ ಮುಂಚೆಯೇ ಹೇಳಿ. ಪ್ರಸಾದ, ಕುಂಕುಮ, ರಾಘವೇಂದ್ರ ಸ್ವಾಮಿಗಳ ಫೋಟೊ, ಅಮ್ಮ ಕಳಿಸಿದ ದಾರ, ಏನನ್ನೂ ಕೈಯಲ್ಲಿ ಕೊಡಲು ಬಿಡುವುದಿಲ್ಲ. ನಾನು ಮಂತ್ರಾಲಯದ ಮಂತ್ರಾಕ್ಷತೆಯನ್ನು ಸಣ್ಣ ಕಾಗದದಲ್ಲಿ ಮಡಚಿ ಒಯ್ದಿದ್ದೆ. ಕಾರಿಗೆ ಹೋಗಿ ಇಟ್ಟು ಬನ್ನಿ ಅಂದರು. ಗೌರವದಿಂದಲೇ ಹೇಳಿದರು, ಆದರೂ ಕೈ ನಡುಗಿತು. ನಿಮ್ಮ ತಮ್ಮನಿಗೆ ಸಸ್ಯಾಹಾರ ಬೇಕಿದ್ದರೆ ಅವನೇ ಒಳಗಿನಿಂದ ಅರ್ಜಿ ಬರೆದುಕೊಡಬೇಕು, ಅದನ್ನು ಮೊದಲ ಭೇಟಿಯಲ್ಲೇ ನೆನಪಿಸಿ. ಪುಸ್ತಕ ಕೊಡುವುದಿದ್ದರೆ ಸಾಮಾನ್ಯವಾಗಿ ಹೊಸ ಪೇಪರ್‌ಬ್ಯಾಕ್, ಅದೂ ಅಂಗಡಿಯಿಂದ ನೇರವಾಗಿ ಜೈಲಿಗೇ ಹೋಗಬೇಕು.

ಎಲ್ಲಕ್ಕಿಂತ ಮುಖ್ಯವಾದದ್ದು ಈಗ ಹೇಳುತ್ತೇನೆ. ಒಳಗೆ ಕೇಸಿನ ಬಗ್ಗೆ ಒಂದು ಮಾತೂ ಬೇಡ. ಆ ರಾತ್ರಿ ಏನಾಯಿತು, ಯಾರು ಮೊದಲು ಕೈ ಎತ್ತಿದರು, ಯಾವುದನ್ನೂ ಕೇಳಬೇಡಿ. ಫೋನ್ ಕರೆಗಳು ರೆಕಾರ್ಡ್ ಆಗುತ್ತವೆ. ಗಾಜಿನ ಆಚೆ ಈಚೆ ರಿಸೀವರ್ ಹಿಡಿದು ಆಡುವ ಮಾತೂ ರೆಕಾರ್ಡ್ ಆಗುತ್ತಿದೆ ಅಂತಲೇ ತಿಳಿಯಿರಿ. ಕನ್ನಡದಲ್ಲಿ ಮಾತಾಡಿದರೆ ಯಾರಿಗೆ ತಿಳಿಯುತ್ತದೆ ಅಂದುಕೊಳ್ಳಬೇಡಿ. ಸರ್ಕಾರಿ ವಕೀಲರಿಗೆ ಬೇಕೆನಿಸಿದರೆ ಅನುವಾದಕರು ಸಿಗುತ್ತಾರೆ. ಆತುರದಲ್ಲಿ ಆಡಿದ "ತಪ್ಪಾಯ್ತು ಕಣೋ" ಅನ್ನುವ ಒಂದು ಮಾತು ಕಾಗದದ ಮೇಲೆ ಇಂಗ್ಲಿಷಿನಲ್ಲಿ ತಪ್ಪೊಪ್ಪಿಗೆಯಾಗಿ ಕಾಣಬಹುದು. ಕೇಸಿನ ಮಾತು ವಕೀಲರ ಜೊತೆ ಮಾತ್ರ. ಅವನು ಎಚ್-1ಬಿ ವೀಸಾದಲ್ಲಿದ್ದರೆ ಏನನ್ನೇ ಒಪ್ಪಿಕೊಳ್ಳುವ ಮುಂಚೆ ವಲಸೆ ಕಾನೂನು ಬಲ್ಲ ವಕೀಲರನ್ನೂ ಕಾಣಿ. ತಪ್ಪೊಪ್ಪಿಕೊಂಡರೆ ಗಡೀಪಾರಾಗುವ ಅಪಾಯವಿದೆಯೇ ಅಂತ ಕ್ರಿಮಿನಲ್ ವಕೀಲರು ಹೇಳಲೇಬೇಕು ಅಂತ 2010ರಲ್ಲಿ ಪಡಿಲ್ಲಾ ಕೇಸಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ತೀರ್ಪು ಕೊಟ್ಟಿದೆ. ಕಾನ್ಸುಲೇಟ್‌ಗಳ ಬಗೆಗಿನ ವಿಯೆನ್ನಾ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ ಅವನು ಕೇಳಿದರೆ ಸ್ಯಾನ್ ಫ್ರಾನ್ಸಿಸ್ಕೋದ ನಮ್ಮ ಕಾನ್ಸುಲೇಟ್‌ಗೆ ಸುದ್ದಿ ಮುಟ್ಟಿಸಬೇಕು. ಅವರು ಬಿಡಿಸಿಕೊಂಡು ಬರಲಾರರು, ಆದರೆ ಹೋಗಿ ನೋಡಬಹುದು.

ಹಾಗಾದರೆ ಮಾತಾಡುವುದು ಏನು? ನನಗೂ ತೋಚಿರಲಿಲ್ಲ. ನನ್ನ ತಮ್ಮ ಗಾಜಿನ ಆಚೆ ಬಂದು ಕೂತ, ಗಡ್ಡ ಬೆಳೆದಿತ್ತು, ಕನ್ನಡಕ ಇರಲಿಲ್ಲ, ನನ್ನ ಮುಖ ಕಾಣಲು ಕಣ್ಣು ಕಿರಿದು ಮಾಡಿದ. ರಿಸೀವರಿನ ಉಕ್ಕಿನ ವಯರು ಗಿಡ್ಡ, ಇಬ್ಬರೂ ಗಾಜಿಗೆ ಹಣೆ ತಾಗುವಷ್ಟು ಬಗ್ಗಿ ಕೂರಬೇಕಾಯಿತು. ಸ್ವಲ್ಪ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ಅವನೇ ಕೇಳಿದ, "ಅಕ್ಕ, ಇವತ್ತು ಮನೇಲಿ ಏನಡುಗೆ?" ಹುರುಳಿಕಾಳು ಬಸ್ಸಾರು ಅಂದೆ. ಹೇಗೆ ಮಾಡಿದೆ ಅಂತ ಕೇಳಿದ. ಕಾಳು ನೆನೆಹಾಕಿದ್ದು, ಮೊಳಕೆ ಸಣ್ಣದಾಗಿ ಬಂದಿದ್ದು, ಕಟ್ಟು ಬಸಿದಿದ್ದು, ಬೆಳ್ಳುಳ್ಳಿ ಸುಟ್ಟು ಅರೆದಿದ್ದು, ಒಂದೂ ಬಿಡದೆ ಹೇಳಿದೆ. ಅವನು ಕಣ್ಣು ಮುಚ್ಚಿ ಕೇಳಿಸಿಕೊಂಡ. ಇದ್ದ ಅರ್ಧ ಗಂಟೆಯಲ್ಲಿ ಹತ್ತು ನಿಮಿಷ ಅದರಲ್ಲೇ ಹೋಯಿತು. ಬೇಲ್ ದುಡ್ಡು, ಬಾಡಿಗೆ, ಆಫೀಸಿಗೆ ಏನು ಹೇಳಬೇಕು ಅನ್ನುವುದನ್ನೆಲ್ಲ ನೀವು ಹೊರಗೇ ವಕೀಲರ ಜೊತೆ ಮುಗಿಸಿಕೊಳ್ಳಿ. ಒಳಗಿನ ಸಮಯ ಅವನಿಗೆ ಬಿಟ್ಟುಕೊಡಿ.

ಅಪ್ಪ ಅಮ್ಮನ ವಿಷಯ. ಅವನು ನಿಮಗೆ ಕರೆ ಮಾಡಿದಾಗ ನೀವು ದಾವಣಗೆರೆಯ ನಂಬರ್ ಸೇರಿಸಿ ಕಾನ್ಫರೆನ್ಸ್ ಮಾಡಬೇಡಿ. ಬಹುತೇಕ ಜೈಲುಗಳಲ್ಲಿ ಅದಕ್ಕೆ ನಿಷೇಧ ಇದೆ, ಲೈನ್ ಕಡಿಯುತ್ತದೆ, ಅವನ ಫೋನನ್ನೇ ನಿಲ್ಲಿಸಬಹುದು. ಅಮ್ಮನ ಕೈಯಲ್ಲಿ ಕನ್ನಡದಲ್ಲೇ ಪತ್ರ ಬರೆಸಿ, ಕೇಸಿನ ಮಾತು ಬಿಟ್ಟು. ನಮ್ಮಮ್ಮ ಬರೆದ ಪತ್ರ ತಡವಾಗಿ ಸಿಕ್ಕಿತು, ಆದರೂ ಅವನು ಅದನ್ನು ಇವತ್ತಿಗೂ ಇಟ್ಟುಕೊಂಡಿದ್ದಾನೆ.

ಶನಿವಾರ ಬೆಳಿಗ್ಗೆ 10 ಗಂಟೆಗೆ ನೀವು ಒಳಗೆ ಹೋದರೆ ದಾವಣಗೆರೆಯಲ್ಲಿ ರಾತ್ರಿ ಹತ್ತೂವರೆ, ಚಳಿಗಾಲವಾದರೆ ಹನ್ನೊಂದೂವರೆ. ಅವರು ಮಲಗಿರುವುದಿಲ್ಲ. ಕಾರಿನಲ್ಲಿ ಬಿಟ್ಟ ಫೋನ್ ತೆಗೆದ ಕೂಡಲೇ ಮೊದಲು ಅವರಿಗೆ ಮಾಡಿ, ಅವನು ಏನು ಉಟ್ಟಿದ್ದ, ಊಟ ಮಾಡಿದನಾ, ನಕ್ಕನಾ ಅಂತ ಹೇಳಿ.