ಸಂಪಾದಕರ ಉತ್ತರ: ಪುರ ಗ್ರಾಮದ ಸಗಣಿ ಲೆಕ್ಕ

ಪ್ರಿಯ ಮೇಷ್ಟ್ರೇ,

ನಿಮ್ಮ ಎಂಜಿನಿಯರಿಂಗ್ ಕಾಲೇಜಿನಲ್ಲಿ ‘ಸಿಸ್ಟಮ್ಸ್ ಸೈನ್ಸ್’ (ಒಂದು ವ್ಯವಸ್ಥೆಯ ಭಾಗಗಳು ಒಂದಕ್ಕೊಂದು ಹೇಗೆ ತಳುಕು ಹಾಕಿಕೊಂಡಿವೆ ಎಂದು ಒಟ್ಟಾಗಿ ನೋಡುವ ಶಾಸ್ತ್ರ) ಅಂತ ಹೊಸ ಪೇಪರ್ ಬರಲಿದೆ ಎಂದು ಬರೆದಿದ್ದೀರಿ. ‘ಮೆಕ್ಯಾನಿಕಲ್ ಹುಡುಗರಿಗೆ ಮೆಕ್ಯಾನಿಕಲ್ಲೇ ನೆಟ್ಟಗೆ ಬರಲ್ಲ. ಇನ್ನು ಸಮಾಜ, ಅರ್ಥಶಾಸ್ತ್ರ ಎಲ್ಲಾ ಸೇರಿಸಿದರೆ ಯಾವುದೂ ಬರಲ್ಲ ಅಲ್ವಾ?’ ಎಂದು ಕೇಳಿದ್ದೀರಿ. ನಿಮ್ಮ ಆತಂಕ ನ್ಯಾಯವಾದದ್ದೇ. ಆದರೂ ನಿಮ್ಮ ತುಮಕೂರು ಜಿಲ್ಲೆಯಲ್ಲೇ ನಡೆದ ಒಂದು ಕೆಲಸವನ್ನು ನೆನಪಿಸಬೇಕು.

ಕಡಿಮೆ ಸೌದೆಯಲ್ಲಿ ಉರಿಯುವ ‘ಅಸ್ತ್ರ ಒಲೆ’ಯ ಹೆಸರು ಕೇಳಿರುತ್ತೀರಿ. ಹಳ್ಳಿಗಳಿಗೆ ಬೇಕಾದ ತಂತ್ರಜ್ಞಾನ ರೂಪಿಸುವ ಆ ಅಸ್ತ್ರ ತಂಡವನ್ನು 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಟ್ಟಿದವರು ಅಮೂಲ್ಯ ರೆಡ್ಡಿ. ಅವರ ಸ್ವಂತ ವಿಷಯ ಎಲೆಕ್ಟ್ರೋಕೆಮಿಸ್ಟ್ರಿ, ಅಂದರೆ ವಿದ್ಯುತ್ತಿಗೂ ರಾಸಾಯನಿಕ ಕ್ರಿಯೆಗೂ ಇರುವ ನಂಟಿನ ಶಾಸ್ತ್ರ. ಅದರಲ್ಲಿ ಜಗತ್ತೇ ಓದುವ ಪಠ್ಯಪುಸ್ತಕ ಬರೆದವರಲ್ಲಿ ಅವರೂ ಒಬ್ಬರು. ಅಂಥವರು ಕುಣಿಗಲ್ ತಾಲ್ಲೂಕಿನ ಹಳ್ಳಿಗಳನ್ನು ಆರಿಸಿಕೊಂಡರು. ಅವರ ತಂಡ ಮನೆಮನೆಗೂ ಹೋಗಿ ಲೆಕ್ಕ ಹಾಕಿತು. ಸೌದೆ ಎಷ್ಟು ಬೇಕು, ಯಾರು ತರುತ್ತಾರೆ, ನೀರು ಹೊರುವವರು ಯಾರು. ಊರು ಬಳಸುವ ಶಕ್ತಿಯಲ್ಲಿ (ಎನರ್ಜಿ) ದೊಡ್ಡ ಪಾಲು ಸೌದೆಯದ್ದೇ ಆಗಿತ್ತು. ಸೌದೆ ನೀರಿನ ಹೊರೆ ಬಹುಪಾಲು ಹೆಂಗಸರು, ಮಕ್ಕಳ ಮೇಲಿತ್ತು.

ಆ ಹಳ್ಳಿಗಳಲ್ಲೊಂದಾದ ಪುರ ಗ್ರಾಮದಲ್ಲಿ ಊರಿಗೆಲ್ಲಾ ಸೇರಿ ಒಂದು ಗೋಬರ್ ಗ್ಯಾಸ್ ಸ್ಥಾವರ ಕಟ್ಟಿದರು, ಅಡುಗೆಗೆಂದು. ಇದ್ದ ದನಗಳ ಸಗಣಿಯಿಂದ ಎಲ್ಲ ಮನೆಯ ಅಡುಗೆಗೂ ಗ್ಯಾಸ್ ಸಾಲಲಿಲ್ಲ. ಅರ್ಧ ಅಡುಗೆಗೆ ಮತ್ತೆ ಸೌದೆ ತರಲೇಬೇಕು ಅಂದಮೇಲೆ ಯಾರಿಗೆ ಉತ್ಸಾಹ ಇರುತ್ತೆ? ಆಗ ಊರವರ ಜೊತೆ ಕೂತು ಕೇಳಿದರು. ಜನಕ್ಕೆ ಮೊದಲು ಬೇಕಾಗಿದ್ದು ಕುಡಿಯುವ ನೀರು. ಅದೇ ಗ್ಯಾಸಿನಿಂದ ಎಂಜಿನ್ ಓಡಿಸಿ, ಕರೆಂಟ್ ತೆಗೆದು, ಕೊಳವೆಬಾವಿಯ ನೀರನ್ನು ನಲ್ಲಿಗೆ ಕೊಟ್ಟರು. ಮನೆಗಳಿಗೆ ದೀಪವೂ ಬಂತು. ತಂದ ಸಗಣಿಯನ್ನು ತೂಗುತ್ತಿದ್ದರು, ಅದಕ್ಕೆ ಕಾಸು ಸಿಗುತ್ತಿತ್ತು. ಗ್ಯಾಸ್ ತೆಗೆದು ಉಳಿದ ಗೊಬ್ಬರ ವಾಪಸ್ ಗದ್ದೆ ಹೊಲಕ್ಕೆ ಹೋಗುತ್ತಿತ್ತು.

ಇಲ್ಲಿ ಮೆಕ್ಯಾನಿಕಲ್ ಬಿಟ್ಟು ಏನೂ ನಡೆಯುತ್ತಿರಲಿಲ್ಲ. ಡೀಸೆಲ್ ಎಂಜಿನ್ನನ್ನು ಗ್ಯಾಸಿಗೆ ಒಗ್ಗಿಸುವುದು ಸುಮ್ನೆ ಆಗುವ ಕೆಲಸವಲ್ಲ. ಆದರೆ ಆ ಎಂಜಿನ್ ಯಾವುದಕ್ಕೆ ಓಡಬೇಕು ಎಂಬುದು ವರ್ಕ್‌ಶಾಪಿನಲ್ಲಿ ಗೊತ್ತಾಗುವ ವಿಷಯವೂ ಅಲ್ಲ.

ಹೊಸ ಪೇಪರ್ ಐದು ಯೂನಿಟ್, ಮೂರು ಇಂಟರ್ನಲ್ಸ್, ಎರಡು ಮಾರ್ಕಿನ ವ್ಯಾಖ್ಯೆ ಅಂತಾದರೆ ನಾನೂ ಬೇಡ ಎನ್ನುತ್ತೇನೆ. ಬದಲಿಗೆ ಫೈನಲ್ ಇಯರ್ ಪ್ರಾಜೆಕ್ಟನ್ನು ಬ್ರಾಂಚ್‌ವಾರು ಹಂಚುವುದನ್ನು ನಿಲ್ಲಿಸಿ. ನಿಮ್ಮ ಸುತ್ತಲಿನ ಕೊಳವೆಬಾವಿಗಳನ್ನೇ ಹಿಡಿಯಿರಿ. 10 ಎಚ್‌ಪಿ ತನಕ ಪಂಪ್‌ಸೆಟ್ಟಿಗೆ ಕರೆಂಟ್ ಉಚಿತ. ನೀರು ಇಳಿದಷ್ಟೂ ಆಳ ಕೊರೆಸುತ್ತಾರೆ, ಜಾಸ್ತಿ ಎಚ್‌ಪಿ ಮೋಟರ್ ಇಳಿಸುತ್ತಾರೆ. ಟ್ರಾನ್ಸ್‌ಫಾರ್ಮರ್ ಮೇಲೆ ಹೊರೆ ಏರಿ ವೋಲ್ಟೇಜ್ ಬೀಳುತ್ತೆ, ಮೋಟರ್ ಸುಡುತ್ತೆ. ರೈತ ಸಾಲ ಮಾಡುತ್ತಾನೆ, ಸಾಲ ತೀರಿಸಲು ಇನ್ನಷ್ಟು ಅಡಿಕೆ ಹಾಕುತ್ತಾನೆ, ಮತ್ತೆ ನೀರು ಬೇಕು. ಈ ಸುತ್ತಿನಲ್ಲಿ ಎಲೆಕ್ಟ್ರಿಕಲ್, ಸಿವಿಲ್, ಪಕ್ಕದ ಡಿಗ್ರಿ ಕಾಲೇಜಿನ ಬಿ.ಕಾಂ. ಹುಡುಗರು ಎಲ್ಲರಿಗೂ ಕೆಲಸವಿದೆ.

ಮೋಟರ್ ರೀವೈಂಡಿಂಗ್ ಅಂಗಡಿಯಿಂದಲೇ ಶುರು ಮಾಡಲಿ. ಯಾವ ತಿಂಗಳು ಎಷ್ಟು ಮೋಟರ್ ಸುಟ್ಟು ಬಂದವು, ಯಾವ ಊರಿಂದ ಬಂದವು ಎಂದು ಅಂಗಡಿಯವರನ್ನೇ ಕೇಳಲಿ. ನಿಮ್ಮ ಹುಡುಗರಿಗೆ ಕಂಡದ್ದನ್ನು ಬರೆದು ಕಳಿಸಿ, ಖಂಡಿತ ಪ್ರಕಟಿಸುತ್ತೇವೆ.

– ಸಂಪಾದಕ